ವರ್ಷದ ವಾಗ್ದಾನ ನೆರವೇರಲಿಲ್ಲ, ದೇವರ ಮೇಲೆ ಕೋಪದಲ್ಲಿ ಬರೆದೆ: ಇದು ಪಾಪವೇ?

ಓದುಗರ ಪ್ರಶ್ನೆ: ನಾನು ದಾವಣಗೆರೆಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಕಾಲೇಜಿನ ದಿನಗಳಿಂದಲೂ ಬೆಳಿಗ್ಗೆ ಸತ್ಯವೇದ ಓದಿ, ನೋಟ್‌ಬುಕ್‌ನಲ್ಲಿ ಒಂದು ವಚನ ಬರೆದು, ಅದರ ಕೆಳಗೆ ನಾಲ್ಕು ಸಾಲು ಪ್ರಾರ್ಥನೆ ಬರೆಯುವ ಅಭ್ಯಾಸ ಇದೆ. ಕಳೆದ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಬರುವ ವರ್ಷಕ್ಕೆಂದು ಒಂದೊಂದು ವಚನ ಅಚ್ಚಾದ ವಾಗ್ದಾನದ ಕಾರ್ಡ್ ತೆಗೆದಾಗ ನನಗೆ ಯೆರೆಮೀಯ 29:11 ಬಂತು. ನಿಮ್ಮ ಬಗ್ಗೆ ನನ್ನ ಯೋಚನೆಗಳು ಒಳ್ಳೆಯವೇ, ಕೇಡಿನವಲ್ಲ ಎಂಬ ಮಾತು. ಅದನ್ನು ಫ್ರಿಡ್ಜ್ ಮೇಲೆ ಅಂಟಿಸಿದೆ. ಮಾರ್ಚ್‌ನಲ್ಲಿ ಯಜಮಾನರ ಕೆಲಸ ಹೋಯಿತು. ಏಪ್ರಿಲ್‌ನಲ್ಲಿ ಅಮ್ಮ ಹಾಸಿಗೆ ಹಿಡಿದರು. ಮೇ ತಿಂಗಳಿಂದ ನನ್ನ ನೋಟ್‌ಬುಕ್‌ನಲ್ಲಿ ಪ್ರಾರ್ಥನೆಗಿಂತ ಜಗಳವೇ ಜಾಸ್ತಿ. ‘ನೀನು ಮಾತು ಕೊಟ್ಟು ಮೋಸ ಮಾಡಿದೆ’ ಎಂದು ಕೂಡ ಬರೆದಿದ್ದೇನೆ. ನಾದಿನಿ ಅದನ್ನು ಓದಿ ನಮ್ಮ ಪ್ರಾರ್ಥನೆ ಕೂಟದ ಮುಖಂಡರಿಗೆ ಹೇಳಿದಳು. ಅವರು, ‘ಇಂಥ ಮಾತು ಬರೆದರೆ ಸೈತಾನನಿಗೆ ಬಾಗಿಲು ತೆಗೆದ ಹಾಗೆ. ನೋಟ್‌ಬುಕ್ ಸುಟ್ಟುಬಿಡಿ, ಆ ವಾಗ್ದಾನವನ್ನು ನೂರು ಸಲ ಬರೆಯಿರಿ, ಒಂದು ನಂಬಿಕೆಯ ಕಾಣಿಕೆ ಇಡಿ’ ಎಂದರು. ನನ್ನ ನಂಬಿಕೆ ಕಡಿಮೆಯಾಯಿತೇ? ಬರೆದದ್ದು ಪಾಪವೇ? ಇನ್ನು ಮುಂದೆ ಬರೆಯಲೇಬಾರದೇ?

ಉತ್ತರ:

ಸಹೋದರಿ, ಮೊದಲು ನೋಟ್‌ಬುಕ್ ವಿಷಯ. ಸದ್ಯಕ್ಕೆ ಸುಡಬೇಡಿ. ಯಾರೋ ಹೆದರಿಸಿದರು ಅನ್ನುವ ಕಾರಣಕ್ಕಂತೂ ಬೇಡವೇ ಬೇಡ.

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಅವುಗಳ ಅಡಿಯಲ್ಲಿ ಇನ್ನೊಂದು ಭಯ ಅಡಗಿದೆ ಅನ್ನಿಸಿತು. ನಾನು ಬರೆದ ಮಾತಿನಿಂದಲೇ ಮನೆಗೆ ಈ ಕಷ್ಟ ಬಂತಾ, ಇನ್ನೂ ಬರುತ್ತಾ ಎಂಬ ಭಯ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ ನೋಡಿ. ಕೆಲಸ ಹೋದದ್ದು ಮಾರ್ಚ್‌ನಲ್ಲಿ, ಅಮ್ಮ ಮಲಗಿದ್ದು ಏಪ್ರಿಲ್‌ನಲ್ಲಿ, ನೀವು ಕೋಪದಲ್ಲಿ ಬರೆದದ್ದು ಮೇ ತಿಂಗಳಿಂದ. ಕಷ್ಟ ಮೊದಲು ಬಂತು, ಮಾತು ಆಮೇಲೆ ಬಂತು.

ಕೆಟ್ಟ ಮಾತು ಆಡಿದರೆ ಕೆಟ್ಟದ್ದೇ ಆಗುತ್ತದೆ, ಒಳ್ಳೆಯದನ್ನೇ ‘ಅರಿಕೆ’ ಮಾಡುತ್ತಿದ್ದರೆ, ಅಂದರೆ ಬಾಯಿಬಿಟ್ಟು ಹೇಳುತ್ತಿದ್ದರೆ, ಒಳ್ಳೆಯದಾಗುತ್ತದೆ ಎಂಬ ಬೋಧನೆ ಈಗ ಎಲ್ಲ ಕಡೆ ಕೇಳಿಬರುತ್ತದೆ. ಅದಕ್ಕೆ ಆಧಾರವಾಗಿ ಹೆಚ್ಚಾಗಿ ಎತ್ತುವುದು ಜ್ಞಾನೋಕ್ತಿ 18:21. ಜೀವನವೂ ಮರಣವೂ ನಾಲಿಗೆಯ ಕೈಯಲ್ಲಿದೆ ಎಂಬ ಮಾತು ಅದು. ಅದರ ಹಿಂದಿನ ನಾಲ್ಕು ವಚನ ಓದಿದವರು ಕಡಿಮೆ. ಅಲ್ಲಿರುವುದು ವ್ಯಾಜ್ಯದ ಮಾತು: ಮೊದಲು ವಾದ ಮಾಡಿದವನೇ ಸರಿ ಅನ್ನಿಸುತ್ತಾನೆ, ಚೀಟಿ ಹಾಕಿದರೆ ಜಗಳ ತೀರುತ್ತದೆ, ಮುನಿದ ಸಹೋದರನನ್ನು ಒಲಿಸುವುದು ಕೋಟೆ ಗೆಲ್ಲುವುದಕ್ಕಿಂತ ಕಷ್ಟ. ನಮ್ಮ ಮಾತು ಇನ್ನೊಬ್ಬರ ಬದುಕನ್ನು ಉಳಿಸಬಹುದು, ಹಾಳೂ ಮಾಡಬಹುದು ಎನ್ನುವುದು ಅಲ್ಲಿಯ ಅರ್ಥ. ದಾವಣಗೆರೆಯಲ್ಲಿ ಒಬ್ಬ ಹೆಂಗಸು ಬೆಳಗಿನ ಜಾವ ಕೂತು ದೇವರಿಗೆ ಬರೆದ ಸಾಲಿನಿಂದ ಗಂಡನ ಕೆಲಸ ಹೋಗುತ್ತದೆ ಎಂದು ಆ ಅಧ್ಯಾಯ ಎಲ್ಲೂ ಹೇಳುವುದಿಲ್ಲ. ಹಾಗೆ ನೋಡಿದರೆ, ನಿಮ್ಮ ಖಾಸಗಿ ಬರಹವನ್ನು ಕೂಟಕ್ಕೆ ಕೊಂಡೊಯ್ದ ಮಾತಿಗೆ ಆ ವಚನ ಹೆಚ್ಚು ಹೊಂದುತ್ತದೆ!

ಈಗ ಕಾರ್ಡ್ ವಿಷಯಕ್ಕೆ ಬರೋಣ.

ವಾಗ್ದಾನದ ಕಾರ್ಡ್ ತೆಗೆಯುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಸಭೆಯಲ್ಲಿ ನಾನೂ ಹಂಚಿದ್ದೇನೆ. ಇದಕ್ಕೆ ಒಂದು ಹಳೆಯ, ಗೌರವದ ಹಿನ್ನೆಲೆಯೂ ಇದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಚನದ ಪುಸ್ತಕವನ್ನು 1731ರಿಂದ ಅಚ್ಚು ಹಾಕಿಸುತ್ತಿದ್ದಾರೆ. ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ. ಆದರೆ ಅಷ್ಟಕ್ಕೇ ಬಿಡುವುದಿಲ್ಲ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮನುಷ್ಯರೇ ಕೂತು, ಯೋಚಿಸಿ ಸೇರಿಸುತ್ತಾರೆ. ಚೀಟಿ ಎತ್ತುವುದಕ್ಕೇ ಅಷ್ಟು ಹೆಸರಾದವರು ಕೂಡ ಒಂಟಿ ವಚನವನ್ನು ಒಂಟಿಯಾಗಿ ಬಿಡಲಿಲ್ಲ, ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರೂ ಇಂಥದ್ದೇ ಭಕ್ತಿಯ ವಾತಾವರಣದಲ್ಲಿ ಬೆಳೆದವರು. ದಿನಾ ಒಂದು ವಚನ ಹಿಡಿದು ಬದುಕುವ ಅಭ್ಯಾಸ ನಮ್ಮ ಸಭೆಗಳಿಗೆ ಹೊಸದೇನಲ್ಲ.

ಕಾರ್ಡನ್ನು ಜಾತಕದ ಹಾಗೆ ಓದಿದಾಗ ತೊಂದರೆ ಶುರುವಾಗುತ್ತದೆ. ಇದರ ಬಗ್ಗೆ ಸಭೆಗೆ ಮೊದಲಿನಿಂದಲೂ ಅನುಮಾನ ಇತ್ತು. ಹಳೆಯ ಸಭೆಯ ದೊಡ್ಡ ಬೋಧಕರಾದ ಸಂತ ಅಗಸ್ಟೀನರ ಕಥೆ ನಿಮಗೆ ಗೊತ್ತಿರಬಹುದು. 386ರಲ್ಲಿ ಮಿಲಾನ್‌ನ ಒಂದು ತೋಟದಲ್ಲಿ ಮಗುವಿನ ದನಿ ಕೇಳಿ ಪೌಲನ ಪತ್ರ ತೆರೆದರು, ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಕಣ್ಣಿಗೆ ಬಿತ್ತು, ಬದುಕೇ ಬದಲಾಯಿತು. ಅದೇ ಅಗಸ್ಟೀನರು ಮುಂದೆ ಒಂದು ಕಾಗದದಲ್ಲಿ, ಲೋಕದ ವ್ಯವಹಾರಕ್ಕೆ ಸುವಾರ್ತೆಯ ಪುಟಗಳಿಂದ ಚೀಟಿ ಎತ್ತುವ ಪದ್ಧತಿ ತಮಗೆ ಒಪ್ಪಿಗೆಯಿಲ್ಲ ಎಂದು ಬರೆದರು. 506ರಲ್ಲಿ ದಕ್ಷಿಣ ಫ್ರಾನ್ಸಿನ ಆಗ್ಡ್‌ನಲ್ಲಿ ಸೇರಿದ ಸಭಾಸಮ್ಮೇಳನ, ಶಾಸ್ತ್ರ ತೆರೆದು ಭವಿಷ್ಯ ಹೇಳುವುದನ್ನು ನಿಷೇಧಿಸಿತು. ದೇವರು ಒಂದು ವಚನದಿಂದ ಒಬ್ಬರ ಜತೆ ಮಾತಾಡಬಲ್ಲರು. ಹಾಗಂತ ಜನವರಿಯಿಂದ ಡಿಸೆಂಬರ್‌ವರೆಗಿನ ಮುನ್ಸೂಚನೆ ಒಂದು ಕಾರ್ಡಿನಲ್ಲಿ ಇರುತ್ತದೆ ಎಂದು ಸತ್ಯವೇದ ಎಲ್ಲೂ ಮಾತು ಕೊಟ್ಟಿಲ್ಲ. ವಚನವನ್ನು ಅದರ ಜಾಗದಿಂದ ಕಿತ್ತು ಕೈಗೆ ಕೊಟ್ಟವರಲ್ಲಿ ಸೈತಾನನೂ ಒಬ್ಬ. ದೇವಾಲಯದ ತುದಿಯಲ್ಲಿ ನಿಲ್ಲಿಸಿ ಯೇಸುವಿಗೆ ಅವನು ಹೇಳಿದ್ದು 91ನೇ ಕೀರ್ತನೆಯ ಮಾತನ್ನೇ ಅಲ್ವಾ? ಯೇಸು ಅದಕ್ಕೆ ಧರ್ಮೋಪದೇಶಕಾಂಡದ ಇನ್ನೊಂದು ವಚನದಿಂದ ಉತ್ತರ ಕೊಟ್ಟರು.

ಹಾಗಾದರೆ ಯೆರೆಮೀಯ 29:11 ಸುಳ್ಳೇ? ಇಲ್ಲ. ಅದು ಒಂದು ಕಾಗದದ ನಡುವಿನ ಸಾಲು. ಕಾಗದ ಪೂರ್ತಿ ಓದದೆ ಆ ಸಾಲು ಅರ್ಥವಾಗುವುದಿಲ್ಲ.

ಕ್ರಿಸ್ತಪೂರ್ವ 597ರ ಸುಮಾರಿಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರರು, ಶಿಲ್ಪಿಗಳಂಥ ಕೈಕೆಲಸದವರನ್ನೂ ಸೆರೆ ಒಯ್ದ. ಮನೆ ಹೋಯಿತು, ಕೆಲಸ ಹೋಯಿತು, ಊರು ಹೋಯಿತು. ಅಂಥವರಿಗೆ ಯೆರೂಸಲೇಮಿನಲ್ಲೇ ಉಳಿದ ಪ್ರವಾದಿ ಯೆರೆಮೀಯ ಈ ಕಾಗದ ಬರೆದ. ಆ ಹೊತ್ತಿಗೆ ಊರಿನಲ್ಲಿ ಹನನ್ಯ ಎಂಬ ಪ್ರವಾದಿ ಬೇರೊಂದು ಸಂದೇಶ ಸಾರಿದ್ದ. ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ, ದೇವಾಲಯದಿಂದ ಒಯ್ದ ಪಾತ್ರೆಗಳೂ ಜನರೂ ವಾಪಸ್ ಬರುತ್ತಾರೆ ಎಂದು. ಅದು 28ನೇ ಅಧ್ಯಾಯದಲ್ಲಿದೆ. ಜನರಿಗೆ ಬೇಕಿದ್ದದ್ದೂ ಅದೇ. ಯೆರೆಮೀಯ ಬರೆದದ್ದು ಏನು? ಅಲ್ಲೇ ಮನೆ ಕಟ್ಟಿರಿ. ತೋಟ ಮಾಡಿ ಅದರ ಫಲ ತಿನ್ನಿರಿ. ಮಕ್ಕಳಿಗೆ ಮದುವೆ ಮಾಡಿರಿ. ನಿಮ್ಮನ್ನು ಸೆರೆ ಹಿಡಿದ ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿರಿ. ಆಮೇಲೆ 10ನೇ ವಚನ: ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಬರಮಾಡುತ್ತೇನೆ. ಇದಾದ ಮೇಲೆ ನಿಮ್ಮ ಫ್ರಿಡ್ಜ್ ಮೇಲಿರುವ 11ನೇ ವಚನ ಬರುತ್ತದೆ.

ಎಪ್ಪತ್ತು ವರ್ಷ! ಕಾಗದ ಓದಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಸತ್ತರು. ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದದ್ದು ಕ್ರಿಸ್ತಪೂರ್ವ 539ರಲ್ಲಿ. ವಾಪಸ್ ಹೊರಟವರು ಬಹುಪಾಲು ಮಕ್ಕಳು, ಮೊಮ್ಮಕ್ಕಳು. ಬರೆದ ಯೆರೆಮೀಯನೂ ಅದನ್ನು ನೋಡಲಿಲ್ಲ. ಅವನನ್ನು ಕಡೆಗೆ ಐಗುಪ್ತಕ್ಕೆ ಎಳೆದುಕೊಂಡು ಹೋದರು. ಇನ್ನೊಂದು ಸ್ವಾರಸ್ಯ ಇದೆ. ಈ ಕಾಗದ ತಲುಪಿದ ಮೇಲೆ ಬಾಬೆಲಿನಿಂದ ಶೆಮಾಯ ಎಂಬವನು ಯೆರೂಸಲೇಮಿನ ಯಾಜಕರಿಗೆ ಎದುರು ಕಾಗದ ಬರೆದ. ಸೆರೆ ದೀರ್ಘಕಾಲ ಇರುತ್ತದೆ ಎಂದು ಬರೆದ ಆ ಮನುಷ್ಯನನ್ನು ಯಾಕೆ ಗದರಿಸಿಲ್ಲ, ಕೋಳಕ್ಕೆ ಯಾಕೆ ಹಾಕಿಲ್ಲ ಎಂದು ಕೇಳಿದ. ಅದೇ ಅಧ್ಯಾಯದ ಕೊನೆಯಲ್ಲಿದೆ, ಓದಿ. ಇವತ್ತು ನಾವು ಧೈರ್ಯಕ್ಕೆ ಹಿಡಿದುಕೊಳ್ಳುವ ಸಾಲು ಇರುವ ಕಾಗದವನ್ನು ಆಗಿನ ಜನ ಮನಸ್ಸು ಕುಗ್ಗಿಸುವ ಮಾತು ಎಂದು ದೂರಿದ್ದರು.

ಆದ್ದರಿಂದ ಆ ವಾಗ್ದಾನ ನಿಮಗೆ ಮೋಸ ಮಾಡಿಲ್ಲ. ಕಾರ್ಡಿನಲ್ಲಿ ಅಚ್ಚಾಗದೆ ಉಳಿದ ಭಾಗದಿಂದ ನಿಮಗೆ ನಿರಾಸೆಯಾಗಿದೆ. ಈ ವರ್ಷ ನಿಮ್ಮ ಮನೆಯಲ್ಲಿ ನಡೆದದ್ದು ಆ ವಚನಕ್ಕೆ ವಿರುದ್ಧವಾದ ಸಂಗತಿಯೂ ಅಲ್ಲ. ಆ ವಚನ ಹುಟ್ಟಿದ್ದೇ ಇಂಥ ಮನೆಗಳಿಗಾಗಿ. ಅದರಲ್ಲಿ ಇಷ್ಟು ತಿಂಗಳಲ್ಲಿ ಕೆಲಸ ಸಿಗುತ್ತದೆ ಎಂಬ ಭರವಸೆ ಇಲ್ಲ. ದೇವರು ತನ್ನ ಜನರನ್ನು ಕೈಬಿಡಲಿಲ್ಲ ಎಂಬ ಭರವಸೆ ಇದೆ. ಎರಡೂ ಒಂದೇ ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲು ನನಗೆ ಆಗದು.

ಇನ್ನು ನಿಮ್ಮ ಕೋಪದ ಸಾಲುಗಳು. ‘ಮಾತು ಕೊಟ್ಟು ಮೋಸ ಮಾಡಿದೆ’ ಎಂದು ಬರೆದೆ ಅಂದಿರಿ. ಯೆರೆಮೀಯ 15:18 ತೆಗೆಯಿರಿ. ಅದೇ ಪ್ರವಾದಿ ದೇವರಿಗೆ, ನೀನು ನನಗೆ ನೀರು ಬತ್ತಿ ನಂಬಿಸಿ ಕೈಕೊಡುವ ತೊರೆಯಂತೆ ಆಗಬೇಕೋ ಎಂದು ಕೇಳುತ್ತಾನೆ. 20ನೇ ಅಧ್ಯಾಯದಲ್ಲಿ, ನೀನು ನನ್ನನ್ನು ಮರುಳುಗೊಳಿಸಿದೆ ಅನ್ನುತ್ತಾನೆ, ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ನಿಮ್ಮ ಕಾರ್ಡಿನ ವಚನ ಬರೆದ ಕೈಯೇ ನಿಮ್ಮ ನೋಟ್‌ಬುಕ್ಕಿನ ಸಾಲನ್ನೂ ಬರೆದಿದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟವೇ. 88ನೇ ಕೀರ್ತನೆಗಂತೂ ಸಮಾಧಾನದ ಮುಕ್ತಾಯವೂ ಇಲ್ಲ, ಕತ್ತಲೆಯಲ್ಲಿ ಮುಗಿಯುತ್ತದೆ. ನಮ್ಮ ಆರಾಧನೆಯಲ್ಲಿ ಇವನ್ನು ಓದುವುದು ಅಪರೂಪ. ಸ್ತುತಿಗೀತೆ, ಸಾಕ್ಷಿ, ಮತ್ತೆ ಸ್ತುತಿಗೀತೆ. ಕೆಲಸ ಸಿಕ್ಕವರು ಮೈಕ್ ಮುಂದೆ ಬಂದು ಸಾಕ್ಷಿ ಹೇಳುತ್ತಾರೆ, ಸಿಗದವರು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಾರೆ. ನಿಮ್ಮಂಥವರಿಗೆ ನಾನೇ ಏನೋ ತಪ್ಪು ಮಾಡಿದ್ದೇನೆ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಇದು ನಮ್ಮ ಸಭೆಗಳ ಕೊರತೆ.

ಹಾಗಾದರೆ ಐಗುಪ್ತದ ಗುಲಾಮಗಿರಿಯಿಂದ ಹೊರಟು ಅರಣ್ಯದಲ್ಲಿ ಗುಣುಗುಟ್ಟಿದ ಇಸ್ರಾಯೇಲ್ ಜನರಿಗೆ ಶಿಕ್ಷೆ ಯಾಕಾಯಿತು ಎಂದು ನಿಮ್ಮ ಮುಖಂಡರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಅರಣ್ಯಕಾಂಡದ 11ನೇ ಅಧ್ಯಾಯ ಒಂದೇ ಸಾಕು, ಎರಡು ಬಗೆಯ ದೂರೂ ಅಲ್ಲೇ ಇವೆ. ಜನ ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ತಂತಮ್ಮ ಡೇರೆಗಳ ಬಾಗಿಲಲ್ಲಿ ಕೂತು ಅಳುತ್ತಾರೆ. ದೇವರ ಬಗ್ಗೆ ತಮ್ಮತಮ್ಮಲ್ಲೇ ಮಾತಾಡುತ್ತಾರೆ, ದೇವರ ಹತ್ತಿರ ಮಾತಾಡುವುದಿಲ್ಲ. ಮತ್ತೆ ಗುಲಾಮಗಿರಿಗೇ ಹೋಗೋಣ ಎಂಬ ಮನಸ್ಸು ಅದು. ಅವರ ಮೇಲೆ ದೇವರು ಸಿಟ್ಟಾಗುತ್ತಾನೆ. ಅವರ ನಾಯಕ ಮೋಶೆ ಅದೇ ಹೊತ್ತಿಗೆ ಇನ್ನೂ ಒರಟಾಗಿ ಮಾತಾಡುತ್ತಾನೆ. ನನಗೇಕೆ ಈ ಕಷ್ಟ ಕೊಟ್ಟೆ? ಈ ಜನರನ್ನೆಲ್ಲ ನಾನೇನು ಹೆತ್ತೆನೇ? ಹೀಗೇ ಮಾಡುವುದಾದರೆ ನನ್ನನ್ನು ಕೊಂದೇಬಿಡು! ಆದರೆ ಅವನು ಹೇಳಿದ್ದು ನೇರವಾಗಿ ದೇವರ ಮುಖಕ್ಕೆ. ಅವನಿಗೆ ಬೈಗುಳ ಸಿಗಲಿಲ್ಲ. ಹೊರೆ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು ಸಿಕ್ಕರು.

ನಿಮ್ಮ ನೋಟ್‌ಬುಕ್ ಮೋಶೆಯ ಕಡೆಗೇ ಸೇರುತ್ತದೆ. ದೇವರನ್ನು ಬಿಟ್ಟವರು ದಿನಾ ಬೆಳಿಗ್ಗೆ ಎದ್ದು ಅವನ ಜತೆ ಜಗಳ ಆಡುತ್ತಾ ಕೂರುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಬರೆದದ್ದೆಲ್ಲ ಸತ್ಯ ಎಂದು ಇದರ ಅರ್ಥ ಅಲ್ಲ. ಬತ್ತಿದ ತೊರೆ ಅಂದ ಯೆರೆಮೀಯನಿಗೆ ಮುಂದಿನ ವಚನದಲ್ಲೇ ದೇವರು, ತುಚ್ಛವಾದದ್ದನ್ನು ಬಿಟ್ಟು ಬೆಲೆಯುಳ್ಳದ್ದನ್ನು ಆಡು ಎಂದು ತಿದ್ದುತ್ತಾನೆ. ಎಲ್ಲವನ್ನೂ ಕಳೆದುಕೊಂಡು ದೇವರಿಗೆ ದೂರು ಹೇಳಿದ ಯೋಬನಿಗೂ ಬಿರುಗಾಳಿಯಿಂದ ಖಾರವಾದ ಪ್ರಶ್ನೆಗಳೇ ಬಂದವು. ಆದರೂ ಕೊನೆಯಲ್ಲಿ ದೇವರು, ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ ಎಂದು ಅವನ ಸ್ನೇಹಿತರಿಗೆ ಹೇಳುತ್ತಾನೆ. ನಿನ್ನ ಪಾಪದಿಂದಲೇ ಹೀಗಾಯಿತು ಎಂದು ಬುದ್ಧಿ ಹೇಳುತ್ತಿದ್ದ ಸ್ನೇಹಿತರು ಅವರು.

ಮುಂದೆ ಹೇಗೆ ಬರೆಯುವುದು? ನಿಮಗೆ ಕೆಲವು ದಾರಿ ಇವೆ. ಯಾವುದೂ ಪೂರ್ತಿ ಸುರಕ್ಷಿತ ಅಲ್ಲ.

ಈಗ ಬರೆಯುವ ಹಾಗೇ ಮುಂದುವರಿಸಬಹುದು. ಮನಸ್ಸಿನ ಭಾರ ಬರೆದು ಇಳಿಸುವುದರಿಂದ ಉಪಯೋಗ ಇದೆ ಎಂದು ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಅನುಭವ ಬರೆದರು. ಬರೆದ ತಕ್ಷಣ ಮನಸ್ಸು ಇನ್ನೂ ಕುಗ್ಗಿತು. ಆದರೆ ನಡೆದದ್ದನ್ನೂ ತಮಗೆ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇಲ್ಲಿ ಎಚ್ಚರ ಬೇಕು. ಅದು ನಾಲ್ಕು ದಿನ, ನಿಮ್ಮದು ತಿಂಗಳುಗಟ್ಟಲೆ. ಒಂದೇ ಸಾಲನ್ನು ದಿನಾ ಬರೆಯುತ್ತಿದ್ದರೆ ಗಾಯವನ್ನು ಕೆರೆದುಕೊಂಡಂತೆ ಆಗುತ್ತದೆ. ಹೊತ್ತು ಗೊತ್ತು ಮಾಡಿಕೊಳ್ಳಿ, ಕಾಲು ಗಂಟೆ ಸಾಕು. ರಾತ್ರಿ ಮಲಗುವ ಮುಂಚೆ ಬರೆಯಬೇಡಿ, ಹಳೆಯ ಪುಟ ತಿರುವಿ ಓದುತ್ತಾ ಕೂರಬೇಡಿ.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ಒಂಟಿ ವಚನ ಬರೆಯುವುದನ್ನು ಸ್ವಲ್ಪ ಕಾಲ ಬಿಡಿ. ಒಂದು ಇಡೀ ಭಾಗವನ್ನು ಕೈಯಲ್ಲಿ ನಕಲು ಮಾಡಿ. 13ನೇ ಕೀರ್ತನೆಯಿಂದ ಶುರು ಮಾಡಿ, ಬರೀ ಆರು ವಚನ. ಮೊದಲೆರಡರಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂಬ ಪ್ರಶ್ನೆ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಬರೆದ ಮೇಲೆ ಅದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ಯಾರ ಮೇಲೆ, ಯಾತಕ್ಕೆ ದೂರು ಎಂದು ಸ್ಪಷ್ಟವಾಗಿ. ಏನು ಬೇಕು ಎಂದೂ ಸ್ಪಷ್ಟವಾಗಿ. ‘ಕರ್ತನೇ ಆಶೀರ್ವದಿಸು’ ಅಂತ ಸುಮ್ನೆ ಬರೆದು ಬಿಡಬೇಡಿ. ಕೆಲಸ ಬೇಕು, ಮಗಳ ಫೀಸು ಬೇಕು, ಅಮ್ಮನನ್ನು ನೋಡಿಕೊಳ್ಳಲು ಜನ ಬೇಕು ಎಂದು ನಿಮಗೆ ಇರುವ ಅಗತ್ಯಗಳನ್ನೇ ಬರೆಯಿರಿ. ಭರವಸೆಯ ಸಾಲು ಬರದಿದ್ದರೆ ಆ ಜಾಗ ಖಾಲಿ ಬಿಡಿ. ಸುಳ್ಳು ಬರೆಯಬೇಡಿ. ಇದರ ಅಪಾಯ ಏನೆಂದರೆ, ಕೆಲವರಿಗೆ ಇದು ಹೋಮ್‌ವರ್ಕ್ ಆಗಿಬಿಡುತ್ತದೆ. ಹಾಗನ್ನಿಸಿದ ದಿನ ಪುಸ್ತಕ ಮುಚ್ಚಿಬಿಡಿ.

ಒಂದು ತಿಂಗಳು ಏನೂ ಬರೆಯದೆ ಇರುವುದೂ ತಪ್ಪಲ್ಲ. ಬರೆಯುವುದನ್ನು ಯೇಸು ಯಾರಿಗೂ ಆಜ್ಞೆಯಾಗಿ ಕೊಡಲಿಲ್ಲ.

ವಾಗ್ದಾನವನ್ನು ನೂರು ಸಲ ಬರೆಯುವ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಬಹಳ ಮಾತಾಡಿದರೆ ದೇವರು ಕೇಳುತ್ತಾನೆ ಎಂದು ನೆನೆಸಬೇಡಿ ಎಂದು ಮತ್ತಾಯ 6:7ರಲ್ಲಿ ಯೇಸುವೇ ಹೇಳಿದ್ದಾರೆ. ನಂಬಿಕೆಯ ಕಾಣಿಕೆ ವಿಷಯ ಇನ್ನೂ ಸುಲಭ. ಮನೆಯಲ್ಲಿ ಸಂಬಳ ನಿಂತಿರುವಾಗ, ವಾಗ್ದಾನ ನೆರವೇರಲಿ ಎಂದು ದುಡ್ಡು ಕೊಡಬೇಡಿ. ಯೆರೆಮೀಯನ ಕಾಗದದಲ್ಲಿ ಕಾಣಿಕೆಯ ಸುದ್ದಿಯೇ ಇಲ್ಲ. ಇಂಥ ಹೊತ್ತಲ್ಲಿ ಕೊಡಬೇಕಾದದ್ದು ಸಭೆ, ತೆಗೆದುಕೊಳ್ಳಬೇಕಾದವರು ನೀವು. ನಿಮ್ಮ ಸಭಾಪಾಲಕರಿಗೆ ನೇರವಾಗಿ ಹೇಳಿ. ‘ಪ್ರಾರ್ಥನೆ ಮಾಡಿ’ ಎಂದಷ್ಟೇ ಕೇಳಬೇಡಿ, ಬೇಕಾದದ್ದನ್ನು ಹೆಸರಿಟ್ಟು ಕೇಳಿ. ಮೋಶೆಗೆ ಉತ್ತರವಾಗಿ ಮನುಷ್ಯರೇ ಬಂದರು.

ಸುಡುವ ಬಗ್ಗೆ ಇಷ್ಟು. ಯೆರೆಮೀಯ 36ರಲ್ಲಿ ಪ್ರವಾದಿ ಹೇಳಿದ್ದನ್ನು ಬಾರೂಕ ಸುರುಳಿಯಲ್ಲಿ ಬರೆಯುತ್ತಾನೆ. ಚಳಿಗಾಲದ ಅರಮನೆ, ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುತ್ತಿದೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅರಸ ಯೆಹೋಯಾಕೀಮ ಅದನ್ನು ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕಿಸುತ್ತಾನೆ. ಯೆರೆಮೀಯ ಇನ್ನೊಂದು ಸುರುಳಿ ಬರೆಯಿಸಿದ, ಮೊದಲಿನದಕ್ಕಿಂತ ಜಾಸ್ತಿ ಮಾತು ಸೇರಿಸಿ. ಸುಟ್ಟರೆ ಮಾತು ಇಲ್ಲವಾಗುವುದಿಲ್ಲ. ಮುಂದೊಂದು ದಿನ, ಇದು ಸಾಕು, ಇನ್ನು ಬೇರೆಯವರ ಕೈಗೆ ಸಿಗಬಾರದು ಎಂದು ನಿಮಗೇ ಅನ್ನಿಸಿದರೆ ಸುಡಿ. ಅದರಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ.

ನಾದಿನಿಯ ಮೇಲೆ ನಿಮಗೆ ಬೇಸರ ಇದ್ದೇ ಇರುತ್ತದೆ. ಅವಳು ಮಾಡಿದ್ದು ಸರಿಯಲ್ಲ. ಆದರೆ ಅವಳೂ ಗಾಬರಿಯಾಗಿರಬಹುದು. ಅವಳ ಅಣ್ಣನ ಕೆಲಸವೇ ಅಲ್ವಾ ಹೋದದ್ದು? ಕೂತು ಮಾತಾಡಿ, ನೋಟ್‌ಬುಕ್ ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ. 73ನೇ ಕೀರ್ತನೆ ಬರೆದ ಆಸಾಫನೂ ತನ್ನ ಸಂಶಯಗಳನ್ನು ಸಿಕ್ಕವರಿಗೆಲ್ಲ ಹೇಳಲಿಲ್ಲ. ಹೇಳಿದ್ದರೆ, ದೇವರೇ, ನಿನ್ನ ಮಕ್ಕಳಿಗೆ ದ್ರೋಹ ಮಾಡಿದಂತೆ ಆಗುತ್ತಿತ್ತು ಅನ್ನುತ್ತಾನೆ. ದೇವಾಲಯಕ್ಕೆ ಹೋಗುವ ತನಕ ಒಳಗೇ ಇಟ್ಟುಕೊಂಡ. ನಿಮಗೂ ನಂಬಿಕೆಯ ಒಬ್ಬರು ಸಾಕು. ಕೂಟದ ಹತ್ತು ಜನ ಬೇಡ.

ಕೊನೆಗೆ ಒಂದು ಮಾತು. ಇದು ದೇವಶಾಸ್ತ್ರದ ವಿಷಯ ಅಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಹೊಲಿಗೆ ಯಂತ್ರದ ಮುಂದೆ ಕೂರಲೂ ಮನಸ್ಸಿಲ್ಲದಿದ್ದರೆ, ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂಬ ಸಾಲು ನೋಟ್‌ಬುಕ್ಕಿನಲ್ಲಿ ಬರುತ್ತಿದ್ದರೆ ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಯಜಮಾನರಿಗೂ ಈ ನಂಬರ್ ಕೊಡಿ. ಕೆಲಸ ಕಳೆದುಕೊಂಡ ಗಂಡಸರು ಬರೆಯುವುದೂ ಇಲ್ಲ, ಹೇಳುವುದೂ ಇಲ್ಲ. ನಿಮ್ಮ ಪತ್ರದಲ್ಲಿ ಅವರು ಹೇಗಿದ್ದಾರೆ ಎಂಬ ಬಗ್ಗೆ ಒಂದು ಸಾಲೂ ಕಾಣಲಿಲ್ಲ. ಇವತ್ತು ಸಂಜೆ ಕೇಳಿ ನೋಡಿ.